ಬಿಲ್ಲು ತಾರದ ಕಾಫಿ ಮನೆ

ಮಸ್ಕತ್ತಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯುರೋಪು ನೋಡಿಬಂದವರಿಗೇನೂ ಬರವಿರಲಿಲ್ಲ. ಒಂಬತ್ತು ದಿನದಲ್ಲಿ ಏಳು ದೇಶ, ಜೊತೆಗೇ ಗುಜರಾತಿ ಅಡುಗೆಯವರು, ಹೋದಲ್ಲೆಲ್ಲ ಪೂರಿ ಭಾಜಿ. ಏನೇನು ನೋಡಿದಿರಿ ಅಂತ ಕೇಳಿದರೆ ಫೋನಿನಲ್ಲಿ ಒಂದು ಚರ್ಚಿನ ಫೋಟೋ ತೋರಿಸಿ, ಇದು ಯಾವ ಊರಿಂದೋ ಮರೆತೇಹೋತು ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೋದರೆ ಒಂದೇ ಊರಿಗೆ ಹೋಗಬೇಕು, ಅದನ್ನಾದರೂ ನೆಟ್ಟಗೆ ನೋಡಬೇಕು ಅಂತ ಹಟ ಹಿಡಿದು, ಬಕ್ರೀದ್ ರಜೆಗೆ ಆರು ತಿಂಗಳು ಮೊದಲೇ ವಿಯೆನ್ನಾಕ್ಕೆ ಟಿಕೆಟ್ ತೆಗೆಸಿಟ್ಟೆ. ರದ್ದು ಮಾಡಿದರೆ ದುಡ್ಡು ವಾಪಸ್ಸಿಲ್ಲದ ಅಗ್ಗದ ಟಿಕೆಟ್ಟು. ಆಮೇಲೆ ಏನೇನಾಯಿತೋ, ಆ ಟಿಕೆಟ್ಟೇ ನಮ್ಮನ್ನು ಎಳೆದುಕೊಂಡು ಹೋಯಿತು.

ನಾನು ಗದಗಿನವಳು, ಫಿಸಿಕ್ಸ್ ಕಲಿಸುವವಳು, ಮಾತು ಸ್ವಲ್ಪ ಖಾರ. ನಮ್ಮ ಮನೆಯವರು ಎಣ್ಣೆ ಬಾವಿಗಳ ಪಂಪು, ವಾಲ್ವು ರಿಪೇರಿ ಮಾಡಿಕೊಡುವ ಕಂಪನಿಯೊಂದರಲ್ಲಿ ಎಂಜಿನಿಯರು. ಆಫೀಸು ರುಸೈಲ್‌ನಲ್ಲಿ, ಮನೆ ಅಲ್ ಮಬೇಲಾದಲ್ಲಿ, ಕಾರಿನಲ್ಲಿ ಇಪ್ಪತ್ತು ನಿಮಿಷ. ಮಾತು ಕಮ್ಮಿ. ಮನೆಯಲ್ಲಿ ಏನೇ ತೀರ್ಮಾನವಾದರೂ ನಾನು ಹೇಳುವುದು, ಅವರು ಹೂಂ ಅನ್ನುವುದು, ಹೀಗೇ ಹದಿನಾರು ವರ್ಷ ನಡೆದಿತ್ತು. ಒಂಬತ್ತನೇ ಕ್ಲಾಸಿನ ಮಗಳು ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ನಮ್ಮಿಬ್ಬರ ನಡುವೆ ಬೆಳೆಯುತ್ತಿದ್ದಳು.

ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷಗಳು ಅವು. ಗುರುವಾರ ಊಟದ ಹೊತ್ತಾದ ಮೇಲೆ ಎಚ್ಆರ್‌ನಿಂದ ಫೋನು ಬಂತೆಂದರೆ ಮುಗಿಯಿತು ಅಂತಲೇ ಲೆಕ್ಕ, ಯಾಕೆಂದರೆ ಕೆಲಸದಿಂದ ತೆಗೆಯುವ ಪತ್ರ ಕೊಡುತ್ತಿದ್ದದ್ದು ಕೆಲಸದ ವಾರದ ಕಡೆಯ ದಿನವೇ. ನಮ್ಮ ಕಟ್ಟಡದಲ್ಲೇ ಮೂರು ಮನೆ ಖಾಲಿಯಾದವು. ಶುಕ್ರವಾರ ಬೆಳಿಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಯಾರದೋ ಸೋಫಾ, ಯಾರದೋ ಫ್ರಿಜ್ಜು, ಯಾರದೋ ಮಗುವಿನ ಸೈಕಲ್ಲು ಮಾರಾಟಕ್ಕೆ ಬರುತ್ತಿತ್ತು. ಅವರದೂ ಖಲಾಸ್ ಅಂತೆ ಅಂತ ನಾವು ನಾವೇ ಮಾತಾಡಿಕೊಳ್ಳುತ್ತಿದ್ದೆವು. ಸತ್ತವರ ಸುದ್ದಿ ಹೇಳುವಾಗಲೂ ನಾವು ಅಷ್ಟು ದನಿ ತಗ್ಗಿಸುತ್ತಿರಲಿಲ್ಲ.

ರಜೆಗೆ ಒಂದು ವಾರ ಇದ್ದಾಗ ನಮ್ಮವರಿಗೂ ಕರೆ ಬಂತು. ಪತ್ರ ಕೊಡಲಿಲ್ಲ, ಎರಡು ದಾರಿ ಕೊಟ್ಟರು. ರುಸೈಲ್‌ನ ವರ್ಕ್‌ಶಾಪ್ ಮುಚ್ಚುತ್ತೇವೆ, ಮರುಭೂಮಿಯ ಅಂಚಿನ ಇಬ್ರಿಯ ಯಾರ್ಡಿಗೆ ಹೋಗಿ ಅಲ್ಲಿ ಕ್ಯಾಂಪಿನಲ್ಲಿ ಒಬ್ಬರೇ ಇರಬೇಕು, ಹದಿನೈದು ದಿನಕ್ಕೊಮ್ಮೆ ಮನೆಗೆ ಬರಬಹುದು. ಇಲ್ಲವೆಂದರೆ ಬರಬೇಕಾದದ್ದನ್ನು ತಗೊಂಡು ಊರಿಗೆ ಹೊರಡಬೇಕು. ರಜೆ ಮುಗಿದ ಮೊದಲ ಭಾನುವಾರ ಉತ್ತರ ಹೇಳಿ ಅಂದರಂತೆ. ಅವರು ಅದನ್ನು ಹೇಳುವಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಆ ರೊಟ್ಟಿ ಹಂಚಿನಿಂದ ಇಳಿಯುವಷ್ಟರಲ್ಲಿ ನನ್ನ ತೀರ್ಮಾನವಾಗಿತ್ತು: ಇಬ್ರಿ. ನನಗೆ ನನ್ನ ಶಾಲೆ ಇದೆ, ಮಗಳಿಗೆ ಮುಂದಿನ ವರ್ಷ ಬೋರ್ಡ್ ಪರೀಕ್ಷೆ, ಇಷ್ಟು ವರ್ಷ ಕಟ್ಟಿದ್ದನ್ನು ಬಿಟ್ಟು ಅವರ ಊರು ಹುಬ್ಬಳ್ಳಿಯಲ್ಲಿ ಮತ್ತೆ ಅಆಇಈ ಶುರು ಮಾಡಲಿಕ್ಕಾಗುತ್ತದೇನು? ಇಬ್ರಿ ಎಷ್ಟು ದೂರ, ಕಾರಿನಲ್ಲಿ ಮೂರು ತಾಸು. ಅವರು ಹೂಂ ಅಂದರು. ವಿಯೆನ್ನಾದಲ್ಲಿ ಈ ವಿಷಯ ಎತ್ತಕೂಡದು ಅಂತ ನಿಯಮ ಮಾಡಿದವಳೂ ನಾನೇ.

ಹೊರಡುವ ಮುಂಚೆ ಟೈಮ್‌ಟೇಬಲ್ ಮಾಡಿದೆ. ನಾಲ್ಕು ದಿನ, ದಿನಕ್ಕೆ ಎಂಟು ಪೀರಿಯಡ್ಡು. ಶಾಲೆಯ ಮೆಷಿನ್ನಿನಲ್ಲಿ ಲ್ಯಾಮಿನೇಟ್ ಮಾಡಿಸಿದ್ದೆ, ಮಳೆ ಬಂದರೆ ಹಾಳಾಗಬಾರದಲ್ಲ. ಮಗಳು ಅದನ್ನು ನೋಡಿ, ಅಸೆಂಬ್ಲಿ ಎಷ್ಟೊತ್ತಿಗೆ ಮಮ್ಮಿ ಅಂತ ಚುಡಾಯಿಸಿದಳು. ಪೆಟ್ಟಿಗೆಯಲ್ಲಿ ಖಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಪುಟ್ಟ ಕರೆಂಟಿನ ಕುಕ್ಕರು. ಪೂರಿ ಭಾಜಿಯವರನ್ನು ಆಡಿಕೊಂಡವಳ ಪೆಟ್ಟಿಗೆ ಇದು, ನಗುವವರು ನಕ್ಕುಬಿಡಿ.

ಊರು ಮಾತ್ರ ನಾನಂದುಕೊಂಡದ್ದಕ್ಕಿಂತ ಚೆಂದವಿತ್ತು. ದೊಡ್ಡ ಚರ್ಚಿನ ಮಾಡಿನ ಮೇಲೆ ಬಣ್ಣಬಣ್ಣದ ಹೆಂಚನ್ನು ಇಳಕಲ್ ಸೀರೆಯ ತೆನೆಯ ಸೆರಗಿನ ಹಾಗೆ ಅಂಕುಡೊಂಕು ಜೋಡಿಸಿದ್ದರು. ಕೆಂಪು ಟ್ರಾಮು ಹಳೇ ಊರನ್ನು ಸುತ್ತುಹಾಕುತ್ತಿತ್ತು. ಬೀದಿಯ ನಲ್ಲಿಯ ನೀರು ಹಿಮದಷ್ಟು ತಣ್ಣಗೆ. ಮಸ್ಕತ್ತಿನಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರು ಬರುವ ಮನೆಯವರು ನಾವು, ಮೂವರೂ ಬಾಟಲಿ ಬಾಟಲಿ ತುಂಬಿಕೊಂಡು ಕುಡಿದೆವು. ಸೇಬಿನ ಹೂರಣ ತುಂಬಿದ ಸ್ಟ್ರುಡಲ್ ಅನ್ನುವ ಸಿಹಿ ತಿಂದೆವು, ಅದರ ಹಾಳೆಯನ್ನು ನಮ್ಮವ್ವ ಹೋಳಿಗೆಯ ಕಣಕ ಎಳೆಯುವ ಹಾಗೇ ತೆಳ್ಳಗೆ ಎಳೆದಿದ್ದರು. ದಪ್ಪ ದೋಸೆಯನ್ನು ಚೂರುಚೂರು ಹರಿದು ಸಕ್ಕರೆ ಪುಡಿ ಉದುರಿಸಿದ್ದ ಇನ್ನೊಂದು ತಿಂಡಿಯನ್ನಂತೂ ಮಗಳು ಮೊದಲ ಎರಡೂ ದಿನ ಬಿಡಲಿಲ್ಲ. ಮೊಟ್ಟೆ ಹಾಕಿದ್ದಾರೇನು ಅಂತ ನಾನು ಕೇಳಲಿಲ್ಲ. ಕೇಳಿದರೆ ತಿನ್ನಲಿಕ್ಕಾಗುತ್ತಿರಲಿಲ್ಲ.

ಮೂರನೇ ದಿನದ ಎರಡನೇ ಪೀರಿಯಡ್ಡು ಕಾಫಿ ಮನೆ, ನಲವತ್ತು ನಿಮಿಷ. ಆಮೇಲೆ ಊರಾಚೆಯ ಹಳದಿ ಅರಮನೆ. ಅದರ ಟಿಕೆಟ್ಟಿನ ಮೇಲೆ ಒಳಗೆ ಹೋಗುವ ಹೊತ್ತೂ ಅಚ್ಚಾಗಿತ್ತು, ಹನ್ನೊಂದೂವರೆ. ಕಾಫಿ ಮನೆಯ ಛಾವಣಿ ನಮ್ಮ ಎರಡು ಮಾಳಿಗೆಯಷ್ಟು ಎತ್ತರ, ಬಾಗಿಲ ಹತ್ತಿರ ಕಟ್ಟಿಗೆಯ ಕೋಲಿಗೆ ಸಿಗಿಸಿದ ಪೇಪರುಗಳು, ಟೊಪ್ಪಿಗೆ ಹಾಕಿಕೊಂಡ ಮುದುಕಿಯರು, ಅವರ ಕಾಲಬುಡದಲ್ಲಿ ನಾಯಿಗಳು. ಕರೀ ಕೋಟಿನ ಹಿರಿಯ ವೇಟರು ಬೆಳ್ಳಿಯ ಪುಟ್ಟ ತಟ್ಟೆಯಲ್ಲಿ ಕಾಫಿ ತಂದ. ಪಕ್ಕದಲ್ಲೊಂದು ಗ್ಲಾಸು ನೀರು, ಅದರ ಬಾಯಿಗೆ ಅಡ್ಡ ಮಲಗಿಸಿದ ಚಮಚ. ಕುಡಿದೆವು. ಮುಗಿಯಿತು. ಬಿಲ್ಲಿಗೆ ಕಾದೆವು.

ಮಬೇಲಾದ ಹೋಟೆಲುಗಳಲ್ಲಿ ಕೈ ತೊಳೆದು ಬರುವಷ್ಟರಲ್ಲಿ ಟೇಬಲ್ಲಿನ ಮೇಲೆ ಸೋಂಪಿನ ತಟ್ಟೆಯ ಕೆಳಗೆ ಬಿಲ್ಲು ಬಂದಿರುತ್ತದೆ. ಚಹಾ ಬೇಕೆಂದರೆ ಕಾರಿನಲ್ಲೇ ಕೂತು ಹಾರ್ನ್ ಹೊಡೆದರಾಯಿತು, ತಂದುಕೊಟ್ಟು ದುಡ್ಡು ಇಸಕೊಂಡು ಹೋಗುತ್ತಾರೆ. ಇಲ್ಲಿ ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ವೇಟರು ನಮ್ಮ ಮುಂದೇ ಓಡಾಡಿದ, ಎರಡು ಸಲ ಖಾಲಿ ಗ್ಲಾಸು ಒಯ್ದು ತುಂಬಿದ ನೀರು ತಂದಿಟ್ಟ, ಬಿಲ್ಲು ಮಾತ್ರ ತರಲಿಲ್ಲ. ನನ್ನ ನೆತ್ತಿಗೇರಿತು. ನಮ್ಮ ಬಣ್ಣ ನೋಡಿ ಹಿಂಗ ಮಾಡಾಕತ್ತಾನ ಅಂದೆ. ಕೇಳಿಬಿಡೋಣ ಅಂತ ಮಗಳು ಅಂದಳು, ನಮ್ಮವರು ಅವನನ್ನು ಕರೆಯಲು ಕೈ ಎತ್ತಲಿಕ್ಕೇ ಹೋದರು. ನಾನು ಇಬ್ಬರನ್ನೂ ತಡೆದೆ. ದುಡ್ಡು ಕೊಡಲಿಕ್ಕೆ ಬೇರೆ ಅವನ ಕೈಕಾಲು ಹಿಡಿಯಬೇಕೇನು? ತರುವ ತನಕ ಇಲ್ಲಿಂದ ಏಳುವುದಿಲ್ಲ, ನೋಡೇಬಿಡೋಣ ಅಂತ ಕೂತೆ. ಮಗಳು ಸಾಕಾಗಿ, ಕೇಕು ಇಟ್ಟಿದ್ದ ಗಾಜಿನ ಕಪಾಟಿನ ಕಡೆ ಎದ್ದುಹೋದಳು.

ಹೀಗೆ ನಾವಿಬ್ಬರೇ ಎದುರುಬದುರು ಉಳಿದೆವು. ಯಾವ ಪೀರಿಯಡ್ಡೂ ಇಲ್ಲದೆ ನಾವು ಹಾಗೆ ಕೂತು ಎಷ್ಟು ವರ್ಷವಾಗಿತ್ತೋ. ಬೇಜಾರಿಗೆ ನಾನೇ ನನ್ನ ನಿಯಮ ಮುರಿದೆ. ಇಬ್ರಿಗೆ ದಪ್ಪನೆಯ ರಗ್ಗು ಒಯ್ಯಬೇಕು, ಚಳಿಗಾಲದಲ್ಲಿ ಅಲ್ಲಿ ಥಂಡಿ ಜೋರಂತೆ ಅಂದೆ. ಅವರು ಗ್ಲಾಸಿನ ಮೇಲಿನ ಚಮಚವನ್ನು ತೆಗೆದು ಕೆಳಗಿಟ್ಟರು.

"ನನಗ ಹೋಗಾಕ ಮನಸಿಲ್ಲ," ಅಂದರು.

ಹೂಂ ಅಂದಿದ್ದಿರಲ್ಲ ಅಂತ ಕೇಳಿದೆ. ಅಂದಿದ್ದೆ ಅಂದರು. ಆಮೇಲೆ ತಮ್ಮ ಮೊದಲಿನ ಕ್ಯಾಂಪಿನ ಮಾತು ತೆಗೆದರು. ಮದುವೆಯಾದ ಹೊಸತರಲ್ಲಿ ಅವರೊಬ್ಬರೇ ನಾಲ್ಕು ವರ್ಷ ಮರುಭೂಮಿಯ ಕ್ಯಾಂಪಿನಲ್ಲಿದ್ದರು, ಆಮೇಲೆ ನಾವು ಬಂದದ್ದು. ಮಗಳು ಮೊದಲ ಸಲ ಅವರನ್ನು ನೋಡಿ ಮಾಮಾ ಅಂದದ್ದನ್ನು ನಾವು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆವು. ಆ ನಾಲ್ಕು ವರ್ಷದ ಬಗ್ಗೆ ನನಗೆ ಗೊತ್ತಿದ್ದದ್ದು ಅದೊಂದೇ ಕತೆ. ಆವತ್ತು ಅವರು ಹೇಳಿದ್ದು ಬೇರೆ. ಶುಕ್ರವಾರ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಮಾಡಲಿಕ್ಕೇನೂ ಇರುತ್ತಿರಲಿಲ್ಲವಂತೆ. ಮಲಯಾಳಿಗಳಿದ್ದರು, ಪಾಕಿಸ್ತಾನದವರಿದ್ದರು, ಒಳ್ಳೆಯವರೇ, ಆದರೆ ನಮ್ಮ ಮಾತಿನವರು ಒಬ್ಬರೂ ಇರಲಿಲ್ಲ.

"ಬಚ್ಚಲದಾಗ ನಳ ಬಿಟ್ಟು, ನನ್ನ ಜೋಡಿ ನಾನ ಕನ್ನಡ ಮಾತಾಡ್ತಿದ್ದೆ," ಅಂದರು. "ಹುಚ್ಚ ಆಗ್ತೀನೇನೋ ಅನಸ್ತಿತ್ತು. ಈಗ ಮತ್ತ ಅದು ನನ್ನ ಕೈಲೆ ಆಗೂದಿಲ್ಲ."

ಅವರ ದನಿ ನಡುಗಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಸಂಕಟದ ಜೊತೆಗೇ ಸಿಟ್ಟೂ ಬಂತು. ಸಿಟ್ಟು ಬರದೆ ನನಗೆ ಯಾವುದೂ ಬರುವುದಿಲ್ಲ. ಇಷ್ಟು ವರ್ಷ ಇದನ್ನ ಯಾಕ ಹೇಳಲಿಲ್ಲ ಅಂತ ರೇಗಿದೆ.

"ಕೇಳಿದವರು ಯಾರು?" ಅಂದರು.

ಅಷ್ಟು ಹೊತ್ತಿಗೆ ಹನ್ನೊಂದೂವರೆ ದಾಟಿ ಹೋಗಿತ್ತು. ನಮ್ಮವರು ನನ್ನನ್ನು ನೋಡದೆ ಕೈ ಎತ್ತಿದರು. ವೇಟರು ಕೂಡಲೇ ಬಂದ, ಬಿಲ್ಲು ಕೊಟ್ಟ. ಇಷ್ಟೊತ್ತು ಯಾಕೆ ತರಲಿಲ್ಲ ಅಂತ ನಾನು ನನ್ನ ಕ್ಲಾಸ್‌ರೂಮಿನ ಇಂಗ್ಲಿಷಿನಲ್ಲಿ ದಬಾಯಿಸಿದೆ. ಆ ಹಿರಿಯನಿಗೆ ನಿಜಕ್ಕೂ ನೋವಾಯಿತು, ಮುಖದಲ್ಲೇ ಕಂಡಿತು. ಮೇಡಂ, ಕೇಳದೆ ಬಿಲ್ಲು ತಂದಿಟ್ಟರೆ ಎದ್ದು ಹೋಗಿ ಅಂದಹಾಗೆ, ನಮ್ಮಲ್ಲಿ ಹಾಗೆ ಮಾಡುವುದಿಲ್ಲ, ಒಂದು ಕಾಫಿಗೆ ಸಂಜೆಯವರೆಗೂ ನೀವು ಇಲ್ಲಿ ಕೂತಿರಬಹುದು ಅಂದ. ನನಗೆ ನಾಚಿಕೆಯಾಯಿತು. ತಪ್ಪಾಯಿತು ಅಂತ ಅವನಿಗೆ ಹೇಳಿದೆ. ನಮ್ಮವರಿಗೆ ಹೇಳಲಿಲ್ಲ.

ಅರಮನೆಯ ಬಾಗಿಲಲ್ಲಿ ನಿಮ್ಮ ಹೊತ್ತು ಮುಗಿಯಿತು ಅಂದರು. ಹಿಂದಿನ ತೋಟಕ್ಕೆ ಟಿಕೆಟ್ಟು ಬೇಕಿರಲಿಲ್ಲ, ಅಲ್ಲಿಗೇ ಹೋದೆವು. ಅಳತೆ ಹಿಡಿದು ಕತ್ತರಿಸಿದ ಮರಗಳ ಸಾಲು, ಗುಡ್ಡದ ನೆತ್ತಿಯ ಮೇಲೆ ಕಮಾನಿನ ಮಂಟಪ. ಮಗಳು ಮುಂದೆ ಓಡಿಹೋಗಿ ಫೋಟೋ ತೆಗೆಯುತ್ತಿದ್ದಳು. ಗುಡ್ಡ ಹತ್ತುವಾಗ ಕಡೆಗೂ ಕೇಳಿದೆ, ಹಂಗಾದರ ನಿಮಗೇನು ಬೇಕ್ರೀ ಅಂತ. ಉತ್ತರ ಹುಡುಕಬೇಕಾಗಲಿಲ್ಲ ಅವರಿಗೆ.

"ಮೂರೂ ಮಂದಿ ಒಂದ ಮನ್ಯಾಗ ಇರೂಣು. ಹುಬ್ಬಳ್ಯಾಗರ ಇರಲಿ, ಎಲ್ಲ್ಯರ ಇರಲಿ."

ನೋಡೋಣ ಅಂದೆ. ನಮ್ಮ ಮನೆಯಲ್ಲಿ ನಾನು ನೋಡೋಣ ಅಂದರೆ ಇಲ್ಲ ಅಂತಲೇ. ಮಗಳಿಗೆ ಮೂರು ವರ್ಷವಿದ್ದಾಗಿನಿಂದ ಅದು ಗೊತ್ತು, ಅವರಿಗೆ ಅದಕ್ಕೂ ಮೊದಲಿನಿಂದ. ಮೇಲಿನಿಂದ ಇಡೀ ವಿಯೆನ್ನಾ ಕಾಣುತ್ತಿತ್ತು, ಕೆಂಪು ಮಾಡುಗಳು, ಚರ್ಚಿನ ಚೂಪು ಗೋಪುರ. ಅವರು ನಮ್ಮಿಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ಚೆನ್ನಾಗಿಯೇ ನಗುತ್ತಿದ್ದೇನೆ.

ಶನಿವಾರ ಮಸ್ಕತ್ತಿಗೆ ಬಂದಿಳಿದೆವು. ಭಾನುವಾರ ಬೆಳಿಗ್ಗೆ ಅವರು ಷರ್ಟು ಹಾಕಿಕೊಂಡು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತರು. ನನಗೆ ಶಾಲೆಯ ಬಸ್ಸಿನ ಗಡಿಬಿಡಿ. ನಿಮಗೆ ಸರಿ ಅನ್ನಿಸಿದ್ದನ್ನು ಹೇಳಿ ಅಂತ ಅಡುಗೆಮನೆಯಿಂದಲೇ ಅಂದೆ. ದೊಡ್ಡ ಮನಸ್ಸು ಮಾಡಿದೆ ಅಂತ ಆ ಗಳಿಗೆಯಲ್ಲಿ ನನಗನ್ನಿಸಿದ್ದೂ ಹೌದು. ಸಂಜೆ ಬಂದು ಬೂಟು ಬಿಚ್ಚುತ್ತ, ಇಬ್ರಿಗೆ ಹೋಗ್ತೀನಿ ಅಂತ ಹೇಳಿಬಂದೆ, ಇನ್ನು ಹನ್ನೆರಡು ದಿನಕ್ಕೆ ಹೊರಡಬೇಕು ಅಂದರು. ಮತ್ತ ಅಲ್ಲಿ ಹಂಗಂದಿದ್ದಿರಲ್ಲ ಅಂತ ಕೇಳಿದೆ. ನಿನ್ನ ಮುಂದ ಹೇಳಿದೆನಲ್ಲ, ಎದಿ ಹಗುರಾತು, ನಡೀತದ ಅಂದರು.

ನಡೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ನನಗೆ ಮೊದಲು ಆದದ್ದು ಸಮಾಧಾನ, ಅದನ್ನು ಮುಚ್ಚಿಟ್ಟು ಬರೆಯಲಾರೆ. ಶಾಲೆ ಉಳಿಯಿತು, ಮಗಳ ಪರೀಕ್ಷೆ ಉಳಿಯಿತು, ಮನೆ ಉಳಿಯಿತು ಅಂತ ಎಣಿಸಿದೆ. ಹನ್ನೆರಡು ದಿನ ಅವರ ಬೆನ್ನುಹತ್ತಿ ಕೇಳಿದೆ, ರಗ್ಗು ಎರಡು ಸಾಕೇನ್ರೀ, ಚಟ್ನಿಪುಡಿ ಯಾವುದು ಕಟ್ಟಲಿ, ಬಿಪಿ ಗುಳಿಗೆ ತಿಂಗಳದ್ದು ಇಡಲೇನು. ಹೋಗಬೇಡಿ ಅನ್ನುವುದೊಂದನ್ನು ಬಿಟ್ಟು ಎಲ್ಲಾ ಮಾತಾಡಿದೆ.