ಕಾಶೀಂಸಾಬರು ಬಂದೂಕು ಅಲ್ಲಾಡಿಸಿದ್ದು

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರು ಸ್ಟೋವ್ ರಿಪೇರಿ ಮಾಡುವ ಕಾಶೀಂಸಾಬರು ಯಾವ ವಸ್ತುವನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಕೊಂಡವರಲ್ಲ. ತೆಂಗಿನಕಾಯಿ ಸರಿ, ಅದನ್ನು ಜಗತ್ತೇ ಅಲ್ಲಾಡಿಸುತ್ತದೆ. ಸಾಬರು ಛತ್ರಿ, ಚಪ್ಪಲಿ, ಗೋಡೆ ಗಡಿಯಾರ, ಒಮ್ಮೆ ಕಬ್ಬಿಣದ ಬೀಗವನ್ನೂ ಅಲ್ಲಾಡಿಸಿ, ಒಂದು ಕಣ್ಣು ಮುಚ್ಚಿ ಆಲಿಸಿದ್ದರು. ಅವರು ಆರಿಸಿದ ಛತ್ರಿಗೆ ಆಗಲೇ ಹತ್ತೊಂಬತ್ತು ಮಳೆಗಾಲ. ಊರು ಅಷ್ಟಕ್ಕೇ ಬಿಡಲಿಲ್ಲ. ರೋಣದ ಬಸ್ಸಿನ ಬಾಗಿಲು ಹಿಡಿದು ಜಗ್ಗಿ, ದಾರಿಯಲ್ಲಿ ಎಲ್ಲಿ ಯಾವ ನಟ್ಟು ಉದುರುತ್ತದೆಂದು ಹೇಳಿದರಂತೆ, ಉದುರಿತಂತೆ, ಡ್ರೈವರ್ ಇಳಿದು ಸಲಾಂ ಹೊಡೆದನಂತೆ.

ಇಂಥ ಕಿವಿಗೆ 2004ರಲ್ಲಿ ಬಂದೂಕಿನ ಯೋಗ ಒದಗಿತು.

ಬೆಳವಣಕಿಯ ಅಂದಾನಪ್ಪ ಲೈಸೆನ್ಸುದಾರ ರೈತ. ಹಂದಿ ಓಡಿಸಲು ಅಪ್ಪ ಇಟ್ಟಿದ್ದ ಹಳೆಯ ಬಂದೂಕು ಹೊತ್ತು, ಹಿಂದಿನ ವರ್ಷ ಗುಡ್ಡದ ಕೆಳಗೆ ನಡೆದ ಮಣ್ಣಿನ ತಟ್ಟೆ ಹೊಡೆಯುವ ಪಂದ್ಯಕ್ಕೆ ಹೋಗಿದ್ದ. ಯಂತ್ರ ತಟ್ಟೆಯನ್ನು ಆಕಾಶಕ್ಕೆ ಚಿಮ್ಮಿಸಿತು. ಬಂದೂಕು ‘ಠುಸ್’ ಎಂದಿತು. ಹೆಂಡತಿಯ ತಮ್ಮ ಚನ್ನಬಸವ ನೆರೆದ ಮಂದಿಯ ನಡುವೆ ಕೂಗಿದ: “ಮಾವಾ, ಬಂದೂಕಿಗೆ ನೆಗಡಿ ಆಗೇತಿ, ದವಾಖಾನಿಗೆ ಒಯ್ರಿ!”

ಹೊಸ ಬಂದೂಕಿಗೆ ಒಪ್ಪುವಾಗ ಹೆಂಡತಿ ತಿಪ್ಪವ್ವ ಶರತ್ತು ಹಾಕಿದಳು: “ಇದೂ ಒಮ್ಮಿ ಠುಸ್ ಅಂದ್ರ, ಎರಡು ಗೂಟದ ಮ್ಯಾಲ ಇಟ್ಟು ಅರಿವಿ ಒಣಹಾಕ್ತೀನಿ.”

ಅಂದಾನಪ್ಪ ನೇರ ಕಾಶೀಂಸಾಬರ ಬಳಿ ಓಡಿದ. “ಕಾಕಾ, ಸಸ್ತಾನೂ ಇರಬೇಕು, ಮೊಮ್ಮಕ್ಕಳ ಕಾಲಕ್ಕೂ ಬರಬೇಕು.”

ಇಬ್ಬರೂ ಹುಬ್ಬಳ್ಳಿಯ ಬಂದೂಕಿನ ಅಂಗಡಿ ಹೊಕ್ಕರು. ಮೊದಲು ಬಂದದ್ದು ಜಿಂಕೆಯ ಚಿತ್ರ ಕೆತ್ತಿದ ವಿಲಾಯತಿ ಬೆಡಗಿ. ನಳಿಗೆ ಖಾಲಿ ಇದೆಯೆಂದು ನೋಡಿಕೊಂಡು ಸಾಬರು ಒಂದು ಕಣ್ಣು ಮುಚ್ಚಿ, ಕಿವಿಗೆ ಹಿಡಿದು ಅಲ್ಲಾಡಿಸಿದರು. ಅಂಗಡಿಯವನು ಎರಡೂ ಕೈ ಚಾಚಿ ಹಾರಿ ಬಂದ. “ಚಾಚಾ, ಸಾವಕಾಶ್ರೀ!”

“ಬ್ಯಾಡ,” ಎಂದರು ಸಾಬರು.

ಎರಡನೆಯದು ಹಗುರ, ಬೆಲೆಯೂ ಹಗುರ. ಅಲ್ಲಾಡಿಸುತ್ತಿದ್ದಂತೆ ಅಂಗಡಿಯವನು ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡ.

“ಇದೂ ಬ್ಯಾಡ.”

ಮೂರನೆಯದು ಮೂಲೆಯಲ್ಲಿ ಧೂಳು ಹೊದ್ದು ನಿಂತಿದ್ದ, ಯಾರೋ ಬಳಸಿ ಮಾರಿದ ಜೋಡಿ ನಳಿಗೆಯದು. ಸಾಬರು ನಳಿಗೆ ಬಾಗಿಸಿ ತೆರೆದರು, ಠಪ್ಪೆಂದು ಮುಚ್ಚಿದರು, ಹುಣಸೆಯ ಟೊಂಗೆ ಜಗ್ಗಿದಂತೆ ಜಗ್ಗಿದರು. ಅಂಗಡಿಯವನು ಪೇಪರಿನ ಪುಟ ತಿರುವಿದ.

“ಇದನ್ನ ಕಟ್ಟಸು,” ಎಂದರು ಸಾಬರು.

ಪಂದ್ಯದ ದಿನ ತಿಪ್ಪವ್ವ ಮುಂದಿನ ಸಾಲಿನಲ್ಲೇ ಕುಳಿತಳು. ಇಪ್ಪತ್ತೈದು ತಟ್ಟೆ ಹಾರಿದವು; ಬಂದೂಕು ಇಪ್ಪತ್ತೈದು ಸಲವೂ ಗುಡುಗಿತು. ಒಡೆದ ತಟ್ಟೆ ಒಂಬತ್ತು.

“ಮಾವಾ, ಹದಿನಾರು ತಟ್ಟಿ ಇನ್ನೂ ಜೀವಂತ ಅದಾವ್ರಿ!” ಎಂದ ಚನ್ನಬಸವ.

“ಇರ್ಲಿ ಬಿಡೋ. ಒಮ್ಮಿಯಾರ ಠುಸ್ ಅಂತೇನು, ಅದನ್ನ ಹೇಳು!” ಎಂದ ಅಂದಾನಪ್ಪ.

ತಿಪ್ಪವ್ವ ಎದ್ದು ಸೀರೆ ಝಾಡಿಸಿದಳು. “ಆತು ಬಿಡ್ರಿ. ಅರಿವಿಗೆ ಹಗ್ಗಾನ ತರ್ರಿ.”

ಅಂದಾನಪ್ಪ ಪಂದ್ಯ ನೋಡಲು ಬಂದಿದ್ದ ಸಾಬರ ಕೈ ಹಿಡಿದ. “ಕಾಕಾ, ಖರೇ ಹೇಳ್ರಿ. ಅವತ್ತು ಬಂದೂಕು ನಿಮ್ಮ ಕಿವ್ಯಾಗ ಏನ್ ಹೇಳ್ತು?”

ಸುತ್ತಲಿನ ಮಂದಿ ಹತ್ತಿರ ಬಾಗಿದರು.

“ಕಬ್ಬಿಣ ಏನ್ ಹೇಳತೈತೋ ತಮ್ಮಾ? ನಾ ಅಲ್ಲಾಡ್ಸುಮುಂದ ಇನ್ನೊಂದು ಕಣ್ಣಿಲೆ ಅಂಗಡ್ಯಾವನ ಮಾರಿ ನೋಡ್ತೀನಿ. ಅವ ಅಂಜಲಿಲ್ಲಂದ್ರ ತಗೋತೀನಿ.”