ಫೌಂಡ್ ಓಕೆ

2008ರ ಬೇಸಿಗೆಯಲ್ಲಿ ನಾನು ತುಮಕೂರಿನಲ್ಲಿ, ಮನೆಗಳಿಗೆ ಇಂಟರ್ನೆಟ್ ಕೊಡುತ್ತಿದ್ದ ಕಂಪನಿಯೊಂದರ ಕಂಪ್ಲೇಂಟ್ ಡೆಸ್ಕ್‌ನಲ್ಲಿ ಸೂಪರ್‌ವೈಸರ್ ಆಗಿದ್ದೆ. ರಿಟೈರ್‌ಮೆಂಟಿಗೆ ಎರಡು ವರ್ಷ ಉಳಿದಿತ್ತು. ತುಮಕೂರು, ಗುಬ್ಬಿ, ಕುಣಿಗಲ್, ಮೂರೂ ಕಡೆಯ ದೂರುಗಳು ನನ್ನ ಮೇಜಿಗೇ ಬರುತ್ತಿದ್ದವು. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ “ಸ್ಪೀಕ್ ಕ್ಲಿಯರ್ಲಿ, ಚೈಲ್ಡ್” ಎಂದು ತಿದ್ದೀ ತಿದ್ದೀ ಮಾಡಿಕೊಟ್ಟ ದನಿ ನನ್ನದು. ಆ ದನಿಯಿಂದಲೇ ನನಗೆ ಕೆಲಸ ಸಿಕ್ಕಿದ್ದು.

ನಮ್ಮ ಪದ್ಧತಿ ಹೀಗಿತ್ತು. ಬೆಳಗಿನ ಶಿಫ್ಟಿನವರು ದೂರು ಬರೆದುಕೊಳ್ಳುವರು. ನಾನು ಆಫೀಸಿನಿಂದಲೇ ಲೈನ್ ಟೆಸ್ಟ್ ಮಾಡುವೆ. ಲೈನ್ ಸರಿಯಿದ್ದರೆ ಮಧ್ಯಾಹ್ನ ಆ ಮನೆಗೆ ಫೋನ್ ಮಾಡಿ ವಿಚಾರಿಸುವುದು. ಮೂರು ಸಲ ಮಾಡಿದರೂ ಯಾರೂ ಎತ್ತದಿದ್ದರೆ ರಿಜಿಸ್ಟರಿನಲ್ಲಿ ಎಫ್.ಓ.ಕೆ. ಎಂದು ಬರೆದು ದೂರನ್ನು ಕ್ಲೋಸ್ ಮಾಡುವುದು. ಎಫ್.ಓ.ಕೆ. ಅಂದರೆ ಫೌಂಡ್ ಓಕೆ, ನೋಡಿದಾಗ ಎಲ್ಲ ಸರಿಯಿತ್ತು ಎಂದು. ದಿನಕ್ಕೆ ಎಷ್ಟು ಸಲ ಬರೆಯುತ್ತಿದ್ದೆನೋ. ಬರೆದೂ ಬರೆದೂ ಅವು ಅಕ್ಷರಗಳಾಗಿ ಉಳಿದಿರಲಿಲ್ಲ, ಕೈ ತನ್ನಷ್ಟಕ್ಕೆ ಎಳೆಯುವ ಗೀಟುಗಳಾಗಿದ್ದವು.

ಕುಣಿಗಲ್‌ನ ಒಂದೇ ನಂಬರಿನಿಂದ ಹದಿನಾರು ದಿನಗಳಲ್ಲಿ ಮೂರು ದೂರು ಬಂದವು. ವೈಫೈ ಬರುತ್ತಿಲ್ಲ, ಇಷ್ಟೇ. ಮೂರು ಸಲವೂ ಲೈನ್ ಸರಿಯಿತ್ತು. ಮೂರು ಸಲವೂ ಯಾರೂ ಫೋನ್ ಎತ್ತಲಿಲ್ಲ. ಮೂರು ಎಫ್.ಓ.ಕೆ.

ಹದಿನೇಳನೆಯ ದಿನ ಆ ಮನೆಯ ಯಜಮಾನಿ ಗಂಗಮ್ಮ ಬಸ್ಸು ಹತ್ತಿ ಆಫೀಸಿಗೇ ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ ಹೂ ಮಾರುವವರು. ಕುರ್ಚಿ ತೋರಿಸಿದೆ, ಕೂರಲಿಲ್ಲ.

“ಮೂರ್ ಸಲ ಬರೆಸ್ದೆ ಮೇಡಮ್ಮೋರೆ. ಒಬ್ರೂ ಬರ್ನಿಲ್ವಲ್ಲ.”

“ನಾವು ಫೋನ್ ಮಾಡಿದ್ವಿ ಅಮ್ಮ. ಯಾರೂ ತೆಗೀಲಿಲ್ಲ.”

“ನಾನು ಯಾಪಾರಕ್ಕೆ ಹೋಗಿರ್ತೀನಿ. ಮಗ ಲಾರಿ ಮ್ಯಾಲೆ. ಮನೇಲಿರೋದು ಸೊಸೆ ಒಬ್ಳೆಯ, ಅವ್ಳಿಗೆ ಹುಟ್ಟಿದಾಗ್ನಿಂದ ಕಿವಿ ಕೇಳಲ್ಲ. ನಿಮ್ ಫೋನ್ ಹೊಡ್ಕಂಡ್ರೆ ನಮ್ಮನೆ ಬೆಕ್ಕು ಎದ್ದೋಯ್ತದೆ, ಸೊಸೆ ಏಳಲ್ಲ.”

ಪಕ್ಕದ ಮೇಜಿನವರು ನಕ್ಕರು. ಗಂಗಮ್ಮ ನಗಲಿಲ್ಲ.

“ಅವ್ಳ ಅಕ್ಕನ್ಗೂ ಹಂಗೇಯ. ಹುಬ್ಬಳ್ಳಿಲವ್ಳೆ. ಚಿಕ್ಕಂದ್ರಲ್ಲಿ ಇಬ್ರೂ ಸೇರಿ ಕಟ್ಕಂಡಿರೋ ಕೈಮಾತು, ಬ್ಯಾರೆಯೋರ್ಗೆ ತಿಳಿಯಾಕಿಲ್ಲ. ದಿನಾ ಕಂಪ್ಯೂಟರ್‌ನಾಗೆ ಮಕ ನೋಡ್ಕಂಡು ಮಾತಾಡೋರು. ಈಗ ಅಕ್ಕನ ಗಂಡ ‘ಆರಾಮ್ ಅವ್ಳೆ’ ಅಂತ ಮೆಸೇಜ್ ಕಳಿಸ್ತಾನೆ. ಇವ್ಳು ನಂಬಾಕಿಲ್ಲ. ಸರಿಯಾಗಿ ಉಣ್ತಾನೂ ಇಲ್ಲ.”

ಮಾರನೆಯ ದಿನ ಟೆಕ್ನಿಷಿಯನ್ ಯಾರೂ ಖಾಲಿ ಇರಲಿಲ್ಲ, ನಾನೇ ಹೋದೆ. ಟಿವಿ ಪಕ್ಕ ಮೋಡೆಮ್ ಇತ್ತು. ಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್ಟನ್ನು ಗಾಳಿಯಲ್ಲಿ ಹರಡುವ ಪೆಟ್ಟಿಗೆ ಅದು. ಅದರ ದೀಪಗಳೆಲ್ಲ ಉರಿಯುತ್ತಿದ್ದವು. ಬ್ಯಾಗಿನಿಂದ ಕೇಬಲ್ ತೆಗೆದು ಅವರ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ, ಪೇಜ್ ತೆರೆಯಿತು. ಅಂದರೆ ನನ್ನ ರಿಜಿಸ್ಟರ್ ಸುಳ್ಳು ಹೇಳಿರಲಿಲ್ಲ. ಕೇಬಲ್ ಕಿತ್ತರೆ ಏನೂ ಇಲ್ಲ.

ಸೊಸೆ ರೇಣುಕಾ ನನ್ನ ಮುಖವನ್ನೇ ನೋಡುತ್ತಿದ್ದಳು. “ಇದಕ್ಕೆ ಏನು ಮಾಡಿದೆಯಮ್ಮ?” ಎಂದು ಅವಳನ್ನು ಸ್ಪಷ್ಟವಾಗಿ, ನನ್ನ ಕಾನ್ವೆಂಟ್ ದನಿಯಲ್ಲಿ ಕೇಳಿದೆ. ಕೇಳಿದ ಮೇಲೆ ತಪ್ಪು ಹೊಳೆದು ಗಂಗಮ್ಮನ ಕಡೆ ತಿರುಗಿದೆ. ಗಂಗಮ್ಮ ಕೈಯಲ್ಲಿ ಏನೋ ತೋರಿಸಿದರು. ರೇಣುಕಾ ಹಳೇ ಸೀರೆಯ ತುಂಡೊಂದನ್ನು ಮಡಿಸಿ ತಂದು, ದಿನಾ ಬೆಳಿಗ್ಗೆ ಒರೆಸುವ ಹಾಗೆಯೇ ಲ್ಯಾಪ್‌ಟಾಪನ್ನು ಒರೆಸಿ ತೋರಿಸಿದಳು. ಬಟ್ಟೆ ಮುಂದಿನ ಅಂಚಿಗೆ ಬಂದಾಗ ಅಲ್ಲೇನೋ ಸಿಕ್ಕಿ ತಡೆಯಿತು. ಬಗ್ಗಿ ನೋಡಿದರೆ ಉಗುರಿನಗಲದ ಒಂದು ಜಾರು ಸ್ವಿಚ್. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ವೈರ್‌ಲೆಸ್ ಆನ್-ಆಫ್ ಮಾಡಲು ಅಂಥದ್ದೊಂದು ಇರುತ್ತಿತ್ತು. ಯಾವತ್ತೋ ಬಟ್ಟೆಗೆ ಸಿಕ್ಕಿ ಆಫ್ ಆಗಿತ್ತು. ಪಕ್ಕಕ್ಕೆ ತಳ್ಳಿದೆ, ನೀಲಿ ದೀಪ ಹತ್ತಿತು. ಹತ್ತು ಸೆಕೆಂಡಿನ ಕೆಲಸ. ಕಿವಿ ಕೇಳುವವರಿಗಾಗಿದ್ದರೆ ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆ.

ರೇಣುಕಾ ಕೂಡಲೇ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದಳು. ಸ್ಕ್ರೀನಿನಲ್ಲಿ ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದಳು, ಪಕ್ಕದಲ್ಲಿ ಅವಳ ಗಂಡ. ರೇಣುಕಾ ಎಡ ಅಂಗೈಯನ್ನು ತಟ್ಟೆಯಂತೆ ಹಿಡಿದು ಬಲಗೈಯನ್ನು ಬಾಯಿಗೆ ಒಯ್ದಳು.

“ಉಂಡ್ಯಾ ಅಂತ ಅವ್ಳು,” ಎಂದು ಗಂಗಮ್ಮ ನನಗೆ ಹೇಳಿದರು.

ಅಕ್ಕನ ಎಡಗೈ ಬಾಯಿಗೆ ಹೋಯಿತು. ಕೆಳಗೆ ತಟ್ಟೆ ಇರಲಿಲ್ಲ. ಬಲಗೈ ಹೊದಿಕೆಯ ಮೇಲೆ ಬಿದ್ದಿತ್ತು.

“ಸ್ಟ್ರೋಕ್ ಆಗೇತ್ರಿ,” ಎಂದ ಅಕ್ಕನ ಗಂಡ. “ಇವತ್ತಿಗೆ ಹನ್ನೆರಡು ದಿನ ಆತು. ಹೇಳಿದ್ರ ಈಕಿ ಗಾಬರಿ ಆಗ್ತಾಳಂತ ಆರಾಮ ಅದಾಳ ಅಂತ ಬರದೆ.”

ಗಂಗಮ್ಮ ಅದನ್ನು ಸೊಸೆಗೆ ತಿಳಿಸಲು ಹೋಗಲಿಲ್ಲ. ಅವಳು ನೋಡಿಯಾಗಿತ್ತು. ರೇಣುಕಾ ತನ್ನ ಅಂಗೈಯನ್ನು ಚಾಚಿ ಕ್ಯಾಮೆರಾದ ಮುಂದೆ ಹಿಡಿದಳು, ಅಕ್ಕನಿಗೆ ತಟ್ಟೆ. ಅಕ್ಕನ ಎಡಗೈ ಇನ್ನೊಮ್ಮೆ ಬಾಯಿಗೆ ಹೋಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ಮರುದಿನ ರಿಜಿಸ್ಟರ್ ತೆಗೆದು ನೋಡಿದೆ. ಅಕ್ಕನಿಗೆ ಸ್ಟ್ರೋಕ್ ಆದ ದಿನವೇ ನಾನು ಎರಡನೆಯ ದೂರನ್ನು ಕ್ಲೋಸ್ ಮಾಡಿದ್ದೆ. ಅಕ್ಕನ ಗಂಡ ಪ್ರೀತಿಯಿಂದ ಆರಾಮ ಎಂದು ಬರೆದಿದ್ದ, ನಾನು ಅಭ್ಯಾಸದಿಂದ ಓಕೆ ಎಂದು ಬರೆದಿದ್ದೆ. ಎರಡರ ನಡುವೆ ಆ ಹುಡುಗಿ ಹನ್ನೆರಡು ದಿನ ಕೂತಿದ್ದಳು.

ಉಳಿದ ಎರಡು ವರ್ಷ ನಾನು ಆ ಮೂರು ಅಕ್ಷರ ಬರೆಯಲಿಲ್ಲ. ಯಾರೂ ಫೋನ್ ಎತ್ತದಿದ್ದರೆ ‘ನೋ ರಿಪ್ಲೈ’ ಎಂದೇ ಬರೆದು ಆ ಮನೆಗೆ ಆಳು ಕಳಿಸುತ್ತಿದ್ದೆ. ಹೋಗುವವರಿಗೆ ಒಂದು ಮಾತು ಹೇಳುತ್ತಿದ್ದೆ: ಬಾಗಿಲು ತಟ್ಟಿ ವಾಪಸ್ ಬರಬೇಡಿ, ತಟ್ಟಿದ್ದೂ ಕೇಳಿಸದವರು ಇರುತ್ತಾರೆ. ಕಿಟಕಿ ಹತ್ತಿರ ಹೋಗಿ ನಿಮ್ಮ ಮುಖ ತೋರಿಸಿ.