ನೂಕತ್ತೆಯ ಗಾಡಿಗೊಂದು ಬೀಗ

ನನ್ನ ಸೋದರತ್ತೆಗೆ ಬೀದಿಯವರು ಇಟ್ಟ ಹೆಸರು ನೂಕತ್ತೆ. ಗುಡ್ಡದ ಮೇಲೆ ಅವಳು ಹೂಗಿಡದ ಸಸಿ ಬೆಳೆಸುತ್ತಾಳೆ. ಅಲ್ಲಿಗೆ ಹೋಗುವ ಏರಿನಲ್ಲಿ ಅವಳ ಪಿಕಪ್ ಸಿಕ್ಕಿಕೊಳ್ಳದ ವಾರವಿಲ್ಲ. ದರ್ಜಿ, ಕ್ಷೌರಿಕ, ಹಾಲಿನಂಗಡಿಯಾಕೆ ಎಲ್ಲ ಕೆಲಸ ಬಿಟ್ಟು ಬಂದು ನೂಕಬೇಕು. ನಾಲ್ಕೂ ಚಕ್ರ ಎಳೆಯುವ ಗಾಡಿ ಎಂದು ಜಂಬ ಕೊಚ್ಚಿ ತಂದವಳಿಗೆ ಆ ಹೆಸರು ಕೇಳಿದರೆ ಮೈ ಉರಿ.

“ಒಂದೇ ಒಂದ್ಸಲ ಯಾರ ಕೈಯೂ ತಾಗದೆ ಹತ್ಬೇಕು ಕಣೇ,” ಎನ್ನುತ್ತಿದ್ದಳು ನನ್ನ ಹತ್ತಿರ.

ಅವಳ ಮಗಳ ಮಾವನೇ ಮೆಕ್ಯಾನಿಕ್. ಗಾಡಿಯ ಕೆಳಗಿಂದ ತೆವಳಿ ಬಂದು ಕೈ ಒರೆಸಿಕೊಂಡ.

“ಬೀಗಿತ್ತಿಯವರೇ, ಒಂದು ಚಕ್ರ ಜಾರಿದ್ರೆ ಅದೇ ಸುಮ್ನೆ ತಿರುಗತ್ತೆ, ನೆಲ ಹಿಡಿದಿರೋದು ಕೂತ್ಕೊಳ್ಳತ್ತೆ. ಹಿಂದಿನ ಎರಡು ಚಕ್ರಕ್ಕೂ ಬಲ ಹಂಚೋ ಡಿಫರೆನ್ಷಿಯಲ್‌ಗೆ ಲಿಮಿಟೆಡ್ ಸ್ಲಿಪ್ ಹಾಕಿದ್ರೆ, ತಾನಾಗೇ ಇನ್ನೊಂದಕ್ಕೂ ಒಂದಿಷ್ಟು ಬಲ ಕೊಡತ್ತೆ. ಇಲ್ಲಾಂದ್ರೆ ಬೀಗ ಹಾಕೋಣ. ಸ್ವಿಚ್ ಒತ್ತಿದ್ರೆ ಎರಡೂ ಚಕ್ರ ಒಟ್ಟಿಗೇ ತಿರುಗ್ತವೆ.”

“ಇರೋ ಬೀಗರೇ ಸಾಕಾಗಿದ್ದಾರೆ. ತಾನಾಗೇ ಆಗೋದೇ ಹಾಕಿ.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಚಕ್ರ ಕೆಸರಲ್ಲಿ ಜಾರತ್ತೋ, ಗಾಳೀಲಿ ನೇತಾಡತ್ತೋ? ಗಾಳೀಲಾದ್ರೆ ಲಿಮಿಟೆಡ್ ಸ್ಲಿಪ್ ನಂಬೋ ಹಾಗಿಲ್ಲ.”

ಸದಾ ಸ್ಟೇರಿಂಗ್ ಹಿಡಿದು ಕೂತ ಅತ್ತೆ ಹಿಂದಿನ ಚಕ್ರ ನೋಡಿದ್ದಾದರೂ ಯಾವಾಗ? ಮುಖ ಗಂಟಿಕ್ಕಿಕೊಂಡೇ ದರ್ಜಿಯನ್ನು ಕೇಳಿದಳು.

“ಎಡಚಕ್ರ ಕೊರಕಲಿನ ಮೇಲೆ ಗಾಳೀಲೇ ಗಿರಗಿರ ತಿರುಗತ್ತೆ,” ಎಂದ ದರ್ಜಿ. “ಇಷ್ಟು ದಿನ ನೂಕಿದೀನಿ, ಅಂಗಿಗೆ ಒಂದು ಹನಿ ಕೆಸರು ಹಾರಿದ್ರೆ ಕೇಳಿ!”

ಬೀಗವೇ ಬಂತು.

ಹುರುಪು ನೋಡಿ, ಅಂಗಡಿ ಬೀದಿಯ ತಿರುವಿನಲ್ಲೇ ಸ್ವಿಚ್ ಒತ್ತಿಬಿಟ್ಟಳು. ಟೈರು ಕಿರ್ರೆಂದವು. ಗಾಡಿ ತಿರುಗಲು ಒಲ್ಲದೆ ಕ್ಷೌರಿಕನ ಬಾಗಿಲಿಗೆ ಮೂತಿಯಿಟ್ಟು ನಿಂತಿತು. ಒಳಗಿದ್ದ ಗಿರಾಕಿ ಅರ್ಧ ಕೆನ್ನೆಗೆ ನೊರೆ ಮೆತ್ತಿಕೊಂಡೇ ಹೊರಗೆ ಓಡಿಬಂದ.

“ಅದು ಏರಿನಲ್ಲಿ ಮಾತ್ರ, ಬೀಗಿತ್ತಿಯವರೇ! ಗಟ್ಟಿ ರಸ್ತೇಲಿ ತೆಗೀಬೇಕು!” ಅವಳಿಗೂ ನನಗೂ ನಡುವೆ ಕೂತಿದ್ದ ಮೆಕ್ಯಾನಿಕ್ ತಲೆ ಚಚ್ಚಿಕೊಂಡು ಸ್ವಿಚ್ ಆರಿಸಿದ.

ಗದ್ದಲಕ್ಕೆ ನೆರೆದ ಬೀದಿ ಅಭ್ಯಾಸಬಲದಿಂದ ತೋಳೇರಿಸಿಕೊಂಡು ಏರಿನವರೆಗೂ ಹಿಂದೆಯೇ ಬಂತು. ಗಾಡಿ ಕೊರಕಲಿಗೆ ಬಂದು ವಾಲಿತು. ಎಡಚಕ್ರ ಮೇಲೆದ್ದಿತು. ಅತ್ತೆ ಸ್ವಿಚ್ ಒತ್ತಿದಳು. ಬಲಚಕ್ರ ನೆಲ ಕಚ್ಚಿತು, ಗಾಡಿ ಗುರ್ರೆನ್ನುತ್ತ ನಿಧಾನವಾಗಿ, ಯಾರ ಕೈಯೂ ತಾಗದೆ, ಮೇಲೆ ಹತ್ತಿತು!

ಕನ್ನಡಿಯಲ್ಲಿ ನೋಡಿದರೆ ಕೆಳಗೆ ಅಷ್ಟೂ ಜನ ಕೆಲಸವಿಲ್ಲದೆ ನಿಂತಿದ್ದರು. ಅತ್ತೆಯ ಕರುಳು ಚುರ್ರೆಂದಿತು. ಗಾಡಿಯನ್ನು ಮೆಲ್ಲಗೆ ಹಿಂದಕ್ಕಿಳಿಸಿ, “ಹತ್ತಿ, ಎಲ್ಲರೂ ಹತ್ತಿ!” ಎಂದಳು. ನೊರೆಯ ಗಿರಾಕಿಯೂ ಹತ್ತಿದ.

ಗಾಡಿ ಎರಡನೆಯ ಸಲವೂ ಏರು ಹತ್ತಿತು.

“ಇನ್ನು ನೂಕತ್ತೆ ಅನ್ನೋ ಹಾಗಿಲ್ವಲ್ಲ,” ಎಂದು ಹಿಂದಿನಿಂದ ದರ್ಜಿ ಕೂಗಿದ. “ಬೀಗ ಹಾಕಿಸಿದ ಅತ್ತೆ. ಬೀಗತ್ತೆ!”

ಅತ್ತೆ ತಿರುಗಿ ಬೈಯುತ್ತಾಳೆ ಅಂದುಕೊಂಡೆ. ಅವಳು ಸೀಟಿನಲ್ಲಿ ನೆಟ್ಟಗೆ ಕೂತು, ಹಾರನ್ ಒತ್ತಿ, ನಿಜಕ್ಕೂ ಬೀಗಿದಳು.